ಮೂರನೆಯ ಯಂತ್ರದ ಹಿಂಡಿ

ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುವವರನ್ನು, ಬೆಕ್ಕು ಅಡ್ಡ ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಸಿಟ್ಟು. ನಾನು ಹಿಡಿದ ಕೆಲಸವೂ ಆ ಸಿಟ್ಟಿಗೆ ತಕ್ಕದ್ದೇ. ಫಿಟ್ಟರನಿಗೆ ಯಂತ್ರ ನಿಂತಿತೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಬೇರಿಂಗ್ ಹೋಗಿರಬೇಕು, ಬೆಲ್ಟು ಸಡಿಲಾಗಿರಬೇಕು, ಇಲ್ಲವೇ ಯಾರೋ ಗ್ರೀಸು ಹಾಕುವುದನ್ನು ಮರೆತಿರಬೇಕು. ಕಾರಣ ಸಿಗಲಿಲ್ಲವೆಂದರೆ ಹುಡುಕಿದವನು ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನೀವು ನನ್ನನ್ನು ದೆವ್ವ ಭೂತ ನಂಬುವವರ ಸಾಲಿನಲ್ಲಿ ಕೂಡಿಸಬಾರದು. ಇವತ್ತಿಗೂ ನಾನು ಆ ಸಾಲಿನವನಲ್ಲ. ಆದರೆ ಸೇಡಂನ ಒಂದು ಎಣ್ಣೆ ಮಿಲ್ಲಿನಲ್ಲಿ ಒಂದು ಮಟಮಟ ಮಧ್ಯಾಹ್ನ ನನ್ನ ನಾಲಿಗೆಗೆ ಹತ್ತಿದ ರುಚಿ ಏನೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದೆರಡು ವರ್ಷ ಆಗಿರಬೇಕು. ಅದಕ್ಕೂ ಮುಂಚೆ ನಾನು ಶಹಾಬಾದದ ಕಾರ್ಖಾನೆಯೊಂದರಲ್ಲಿ ಫಿಟ್ಟರನಾಗಿದ್ದೆ. ಅಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಕಾರ್ಡು. ಎಷ್ಟು ಹೊತ್ತು ನಡೆಯಿತು, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು, ಯಾರು ರಿಪೇರಿ ಮಾಡಿದರು, ಎಲ್ಲವನ್ನೂ ಬರೆದಿಡಬೇಕು. ಕೆಡುವ ಮುಂಚೆಯೇ ಬಿಚ್ಚಿ ನೋಡಬೇಕು. ಈ ಶಿಸ್ತು ನನ್ನ ಮೈಗೆ ಹತ್ತಿಬಿಟ್ಟಿತ್ತು. ಸೇಡಂನಲ್ಲಿ ಎಣ್ಣೆ ಮಿಲ್ಲು ಇಟ್ಟಿದ್ದ ಶಿವಶರಣಪ್ಪ ಸಾವಕಾರರು ನಮ್ಮ ಸೋದರಮಾವನಿಗೆ ಪರಿಚಯ. ಅವರ ಮೂರು ಯಂತ್ರಗಳು ದಿನಕ್ಕೆ ಅರ್ಧ ಹೊತ್ತು ನಿಂತೇ ಇರುತ್ತಿದ್ದವಂತೆ. ನೀವು ಬಂದು ಒಂದು ದಾರಿಗೆ ಹಚ್ಚಬೇಕೆಂದು ಅವರೇ ಕರೆಸಿಕೊಂಡರು. ಮನೆಗೆ ಹತ್ತಿರವಾಗುತ್ತದೆಂದು ನಾನೂ ಒಪ್ಪಿದೆ.

ಹೋದ ಮೊದಲ ದಿನವೇ ಯಾಕಾದರೂ ಬಂದೆನೋ ಅನ್ನಿಸಿತು. ಎಣ್ಣೆ ಮಿಲ್ಲು ಎಂದರೆ ಒಳ್ಳೆಯ ಒಗ್ಗರಣೆ ವಾಸನೆ ಇರುತ್ತದೆಂದು ತಿಳಿದವರು ಒಮ್ಮೆ ಒಳಗೆ ಕಾಲಿಟ್ಟು ನೋಡಬೇಕು. ನೆಲಕ್ಕೆ ವರ್ಷಗಟ್ಟಲೆ ಸೋರಿದ ಎಣ್ಣೆ ಧೂಳಿನ ಜೊತೆ ಬೆರೆತು ಕಪ್ಪು ಅಂಟಾಗಿತ್ತು. ಚಪ್ಪಲಿ ಎತ್ತಿದರೆ ಪಚಕ್ಕೆಂದು ಸದ್ದು. ಎಣ್ಣೆ ತಿಳಿಗೊಳಿಸುವ ಹೊಂಡದ ತಳದಲ್ಲಿ ಗಸಿ ಹುಳಿತು ನೊರೆ ಎದ್ದಿತ್ತು, ಅದರ ಮೇಲೆ ಸತ್ತ ಜಿರಲೆಗಳು. ಯಂತ್ರಗಳ ಮೈಗೆ ಅಮಾವಾಸ್ಯೆಗೊಮ್ಮೆ ಬಳಿದ ಕುಂಕುಮ ಅರಿಶಿನ ಗ್ರೀಸಿನಲ್ಲಿ ಕಲಸಿ ಹೋಗಿ, ಗ್ರೀಸು ಹಾಕುವ ತೂತುಗಳೇ ಮುಚ್ಚಿದ್ದವು. ಪೂಜೆ ತಪ್ಪದೆ ನಡೆಯುತ್ತಿತ್ತು, ಗ್ರೀಸು ಮಾತ್ರ ಯಾರೂ ಹಾಕುತ್ತಿರಲಿಲ್ಲ. ಮನೆಗೆ ಬಂದು ಎರಡು ಸಲ ಸೀಗೆಪುಡಿ ಹಚ್ಚಿ ತಿಕ್ಕಿದರೂ ಕೈಯ ಕಮಟು ಹೋಗುತ್ತಿರಲಿಲ್ಲ. ಆ ಕೈಯಲ್ಲೇ ರೊಟ್ಟಿ ಮುರಿಯಬೇಕಲ್ಲ ಎಂದು ಎಷ್ಟೋ ದಿನ ಅರ್ಧ ಹೊಟ್ಟೆಯಲ್ಲಿ ಎದ್ದಿದ್ದೇನೆ.

ಇವೆಲ್ಲಕ್ಕಿಂತ ನನಗೆ ಹೇಸಿಗೆ ಎನಿಸಿದ್ದು ಮೌಲಾಲಿ ಮಿಸ್ತ್ರಿಯ ಪದ್ಧತಿ. ಅರವತ್ತರ ಹತ್ತಿರದ ಮನುಷ್ಯ. ಮಿಲ್ಲು ಶುರುವಾದ ದಿನದಿಂದ ಆ ಮೂರೂ ಯಂತ್ರಗಳನ್ನು ನಡೆಸಿದವರು ಅವರೇ. ಯಂತ್ರದ ಕೆಲಸ ದೊಡ್ಡ ರಹಸ್ಯವಲ್ಲ. ಮೇಲಿನಿಂದ ಸುರಿದ ಕಾಳನ್ನು ಒಂದು ಉಕ್ಕಿನ ತಿರುಪು ಉಕ್ಕಿನ ಪಟ್ಟಿಗಳ ಪಂಜರದೊಳಗೆ ನೂಕಿ ಹಿಂಡುತ್ತದೆ. ಪಟ್ಟಿಗಳ ಸಂದಿಯಿಂದ ಎಣ್ಣೆ ಸೋರುತ್ತದೆ, ತುದಿಯಿಂದ ಹಿಂಡಿ ಹಪ್ಪಳದ ಚೂರಿನಂತೆ ಬಿಸಿಬಿಸಿಯಾಗಿ ಹೊರಗೆ ಬೀಳುತ್ತದೆ. ತಿರುಪು ಸವೆದರೆ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ, ಸಾವಕಾರನಿಗೆ ನಷ್ಟ. ಯಂತ್ರ ಹೇಗಿದೆ ಎಂದು ತಿಳಿಯಲು ಮಿಸ್ತ್ರಿ ಏನು ಮಾಡುತ್ತಿದ್ದರೆಂದರೆ, ಗಳಿಗೆಗೊಮ್ಮೆ ಒಂದೊಂದು ಯಂತ್ರದ ಬಾಯಿಂದ ಹಿಂಡಿಯ ಚೂರು ಎತ್ತಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಆಮೇಲೆ ಗೋಡೆಯ ಬುಡಕ್ಕೆ ಥೂ ಎಂದು ಉಗಿದು, ಎರಡನೆಯದರ ತಿರುಪು ಸವೆದಿದೆ, ಮೊದಲನೆಯದಕ್ಕೆ ಕಾವು ಹೆಚ್ಚಾಗಿದೆ ಎಂದು ತೀರ್ಪು ಕೊಡುತ್ತಿದ್ದರು. ನಾಲಿಗೆ ಕೆಡಬಾರದೆಂದು ಅವರು ಎಲೆ ಅಡಿಕೆ, ತಂಬಾಕು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕೆಲಸದ ದಿನ ಮಧ್ಯಾಹ್ನಕ್ಕೆ ಖಾರವಿಲ್ಲದ ಬರೀ ರೊಟ್ಟಿ, ಮಜ್ಜಿಗೆ. ಇಡೀ ಮಿಲ್ಲು ಇದನ್ನು ಒಂದು ವಿದ್ಯೆ ಎಂದು ನಂಬಿತ್ತು. ನನಗೆ ಕಂಡದ್ದು ಉಗುಳು ಹರಿದ ಹಳದಿ ಗೋಡೆ ಮಾತ್ರ.

ನಾನು ಕಾರ್ಡುಗಳನ್ನು ತೂಗುಹಾಕಿದೆ. ತಿರುಪುಗಳ ದಪ್ಪ ಅಳೆದು ಬರೆದಿಟ್ಟೆ. ಗ್ರೀಸಿಗೆ ದಿನ ಗೊತ್ತುಮಾಡಿದೆ. ಎರಡು ತಿಂಗಳಲ್ಲಿ ಯಂತ್ರಗಳು ನಿಲ್ಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ನಿಜ ಹೇಳಬೇಕೆಂದರೆ, ಮಿಸ್ತ್ರಿ ಅಗಿದು ಹೇಳಿದ್ದೂ ನಾನು ಅಳೆದು ಕಂಡದ್ದೂ ಹತ್ತಕ್ಕೆ ಒಂಬತ್ತು ಸಲ ತಾಳೆಯಾಗುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕುಸುಬೆಯ ಹಂಗಾಮು ಮುಗಿಯುವ ಹೊತ್ತಿಗೆ ಸಾವಕಾರರು ನನ್ನನ್ನು ಕರೆದು, ಇಬ್ಬರು ಬೇಕೇ, ಒಬ್ಬರು ಸಾಕೇ ಎಂದು ಕೇಳಿದರು. ಮಿಸ್ತ್ರಿಗೆ ವಯಸ್ಸಾಯಿತು, ಆದರೆ ನಾಲಿಗೆ ನೆಟ್ಟಗಿರುವ ತನಕ ತೆಗೆಯುವ ಮನಸ್ಸಿಲ್ಲ ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಏನು ಹೇಳಬೇಕೆಂದು ಆಗಲೇ ನಿಶ್ಚಯಿಸಿದ್ದೆ.

ಇದಾಗಿ ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ತಗಡಿನ ಮಾಡು ಕಾದು ಚಟಚಟ ಅನ್ನುತ್ತಿತ್ತು. ಮೂರೂ ಯಂತ್ರಗಳಲ್ಲಿ ಒಂದೇ ರಾಶಿಯ ಕುಸುಬೆ ನಡೆಯುತ್ತಿತ್ತು. ಮಿಸ್ತ್ರಿ ಮೊದಲನೆಯದನ್ನು ಅಗಿದರು, ಎರಡನೆಯದನ್ನು ಅಗಿದರು. ಮೂರನೆಯದನ್ನು ಬಾಯಿಗೆ ಹಾಕಿಕೊಂಡವರು ಉಗಿಯಲೂ ಇಲ್ಲ, ಕಣ್ಣು ತೆರೆಯಲೂ ಇಲ್ಲ. ಆಮೇಲೆ ಅಂಗೈಗೆ ಉಗಿದುಕೊಂಡು ಅದನ್ನೇ ನೋಡುತ್ತ ನಿಂತರು. ನಾನು ಏನೆಂದು ಕೇಳಿದೆ.

“ಸಾಹೇಬ್ರ, ಇದರಾಗ ರಗತದ ರುಚಿ ಅದ,” ಅಂದರು.

ನನಗೆ ಒಳಗೊಳಗೇ ಖುಷಿಯಾಯಿತು. ಕಬ್ಬಿಣದ ರುಚಿಗೂ ರಕ್ತದ ರುಚಿಗೂ ಹೆಚ್ಚು ದೂರವಿಲ್ಲ ಎಂಬುದು ನನಗೆ ಗೊತ್ತಿತ್ತು. ತಿರುಪು ಸವೆದು ಕಬ್ಬಿಣದ ಪುಡಿ ಹಿಂಡಿಗೆ ಸೇರಿದೆ, ಮುದುಕ ಅದಕ್ಕೊಂದು ಭಯಾನಕ ಹೆಸರು ಇಡುತ್ತಿದ್ದಾರೆ ಎಂದುಕೊಂಡೆ. ಎಲ್ಲರ ಮುಂದೆ ಅದನ್ನು ತೋರಿಸಿಕೊಡುವ ಹುಮ್ಮಸ್ಸಿನಲ್ಲಿ ನಾನೂ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡೆ. ಮಿಲ್ಲಿಗೆ ಬಂದ ಮೇಲೆ ಅದೇ ಮೊದಲು.

ಆ ಕ್ಷಣದ ಬಗ್ಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಾನು ಮಾಂಸ ಮಡ್ಡಿ ಮುಟ್ಟದ ಮನೆಯಲ್ಲಿ ಹುಟ್ಟಿದವನು. ಆದರೆ ರಕ್ತದ ರುಚಿ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಹಿಂದಿನ ವರ್ಷವೇ ಶಹಾಬಾದದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಒಂದು ದಿನವೆಲ್ಲ ಬಾಯಿ ತುಂಬ ರಕ್ತ ಇಟ್ಟುಕೊಂಡು ಕೂತಿದ್ದೆ. ಇದು ಅದೇ. ತುಕ್ಕಿನ ಒಗರಲ್ಲ, ಸೀದ ಕಾಳಿನ ಕಹಿಯಲ್ಲ. ಉಪ್ಪುಪ್ಪಾಗಿ, ಬೆಚ್ಚಗೆ, ನಾಲಿಗೆಯ ಹಿಂಬದಿಗೆ ಹರಿದು ಗಂಟಲಲ್ಲಿ ದಪ್ಪಗೆ ನಿಂತಿತು. ಅಗಿದಷ್ಟೂ ಬಂತು. ಹಿಂಡಿಯ ಗೋದಾಮಿನ ಹಿಂದೆ ಓಡಿಹೋಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡೆ. ಕಾರಿದ್ದರಲ್ಲಿ ಕೆಂಪು ಏನೂ ಇರಲಿಲ್ಲ. ಕೊಡದ ನೀರಿನಲ್ಲಿ ಮುಖ ತೊಳೆದು, ಬೆರಳು ಹಾಕಿ ವಸಡೆಲ್ಲ ತಡವಿ ನೋಡಿಕೊಂಡೆ. ಎಲ್ಲಿಯೂ ಗಾಯವಿಲ್ಲ. ಮರಳಿ ಒಳಗೆ ಬಂದು ಬಿಸಿಲು ಹತ್ತಿತು ಎಂದು ಹೇಳಿದೆ.

ಯಂತ್ರ ನಿಲ್ಲಿಸಿದೆ. ಬಿಚ್ಚಿಸಿದೆ. ಇಲಿಯೋ ಹಲ್ಲಿಯೋ ಸಿಕ್ಕಿ ಅರೆದುಹೋಗಿರಬಹುದು ಎಂದು ಪಂಜರದ ಒಂದೊಂದು ಪಟ್ಟಿಯನ್ನೂ ತೆಗೆದು ನೋಡಿದೆ. ಕೂದಲಿಲ್ಲ, ಮೂಳೆಯಿಲ್ಲ, ಚರ್ಮದ ಚೂರಿಲ್ಲ. ತಿರುಪಿನ ದಪ್ಪ ಅಳೆದರೆ ಹತ್ತು ದಿನದ ಹಿಂದೆ ಬರೆದಿಟ್ಟದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ. ಮಿಸ್ತ್ರಿ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಪಟ್ಟಿಗಳನ್ನು ಒರೆಸಿ ಒರೆಸಿ ಕೊಟ್ಟರು. ಒಮ್ಮೆಯೂ ನಿಮಗೆ ಏನನ್ನಿಸಿತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಿಸ್ತ್ರಿಯ ಮಾತು ಕೇಳಿಸಿಕೊಂಡಿದ್ದ, ಕಾಳು ಸುರಿಯುವ ನಾಗಮ್ಮನಿಗೆ ಉಳಿದಿದ್ದ ಹಿಂಡಿಯ ಚೂರು ಕೊಟ್ಟು ಅಗಿಯಲು ಹೇಳಿದೆ. ಅವಳು ಕರಕರ ಅಗಿದು ನುಂಗಿಯೇಬಿಟ್ಟು, ಎಮ್ಮೆಗೆ ಹಾಕೋದು ನನಗೆ ಹಾಕಿದಿರಲ್ಲ ಎಂದು ನಕ್ಕಳು. ಅವಳಿಗೆ ಏನೂ ಅನ್ನಿಸಿರಲಿಲ್ಲ. ಹಮಾಲರಿಬ್ಬರು ಅಗಿದರು, ಅವರಿಗೂ ಬರೀ ಕುಸುಬೆ. ಯಂತ್ರ ಮತ್ತೆ ಜೋಡಿಸಿ, ಬೇರೆ ಚೀಲದ ಕಾಳು ಸುರಿಸಿ, ಸಂಜೆಯ ಮುಂಚೆ ಚಾಲೂ ಮಾಡಿದೆವು. ಹೊಸ ಹಿಂಡಿ ಬಿತ್ತು. ಮಿಸ್ತ್ರಿ ಅಗಿದು, ಇನ್ನೂ ಅದೇ ಎಂಬಂತೆ ತಲೆ ಅಲ್ಲಾಡಿಸಿದರು. ನಾನು ಅವರತ್ತ ಬೆನ್ನು ಮಾಡಿ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮೊದಲಿಗಿಂತ ಹೆಚ್ಚಾಗಿತ್ತು. ಪಕ್ಕದ ಎರಡನೆಯ ಯಂತ್ರದ ಹಿಂಡಿ ತಿಂದೆ, ಅದು ಸಪ್ಪೆ. ಮತ್ತೆ ಮೂರನೆಯದು ತಿಂದೆ. ಮತ್ತೆ ಅದೇ. ಇಡೀ ಮಿಲ್ಲಿನಲ್ಲಿ ಆ ರುಚಿ ಹತ್ತಿದ್ದು ನಮ್ಮಿಬ್ಬರಿಗೇ, ಅದು ಗೊತ್ತಿದ್ದದ್ದು ನನ್ನೊಬ್ಬನಿಗೆ.

ಅಷ್ಟರಲ್ಲಿ ಸುದ್ದಿ ತಿಳಿದು ಸಾವಕಾರರು ಬಂದರು. ಎಣ್ಣೆಯಲ್ಲಿ ರಕ್ತ ಎಂಬ ಮಾತು ಬಜಾರಿಗೆ ಹೋದರೆ ನಾಳೆ ಒಂದು ಡಬ್ಬಿಯೂ ಯಾರೂ ಎತ್ತುವುದಿಲ್ಲ. ಹೇಳಿದವರು ಮೌಲಾಲಿ ಮಿಸ್ತ್ರಿ ಎಂದಾದರೆ ಜನ ಆ ಮಾತಿಗೆ ಇನ್ನೇನೇನು ಹೆಣೆಯುತ್ತಾರೋ ಎಂಬುದು ಅವರ ಅಂಜಿಕೆ. ಮಿಸ್ತ್ರಿ ಅದಾವುದನ್ನೂ ಲೆಕ್ಕಿಸದೆ, ಮೂರನೆಯದರ ಎಣ್ಣೆಯನ್ನು ಬೇರೆ ತೆಗೆದಿಡಿ, ಯಾರಿಗೂ ಕೊಡಬೇಡಿ ಎಂದು ಮೆಲ್ಲಗೆ ಹೇಳಿದರು. ಸಾವಕಾರರು ನನ್ನ ಕಡೆ ತಿರುಗಿದರು.

“ನೀವೂ ತಿಂದು ನೋಡೀರಂತಲ್ಲ ಫಿಟ್ಟರ್. ಖರೆ ಹೇಳ್ರಿ, ಏನರ ಹತ್ತೇದೇನು?”

ಅವರು ಕೇಳುವಾಗ ಆ ಹಿಂಡಿ ನನ್ನ ಬಾಯಲ್ಲೇ ಇತ್ತು. ದವಡೆಗೆ ಒತ್ತಿ ಇಟ್ಟುಕೊಂಡಿದ್ದೆ. ಹೌದು ಎಂದರೆ ನನ್ನ ಕಾರ್ಡು, ನನ್ನ ಅಳತೆ, ನನ್ನ ಶಹಾಬಾದ ಎಲ್ಲವೂ ನಗೆಪಾಟಲು. ಇಲ್ಲ ಎಂದರೆ ಮಿಸ್ತ್ರಿಯ ನಾಲಿಗೆ ಸುಳ್ಳು. ನಾನು ಎರಡನೆಯ ಸಲ ಯೋಚಿಸಲೂ ಇಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ಏನೂ ಇಲ್ಲರಿ, ಬರೀ ಕುಸುಬಿ, ಮಿಸ್ತ್ರಿಗೆ ವಯಸ್ಸಾಯಿತು ಎಂದೆ.

ಮಿಸ್ತ್ರಿ ಸಿಟ್ಟಾಗುತ್ತಾರೆ, ಜಗಳಕ್ಕೆ ನಿಲ್ಲುತ್ತಾರೆ ಎಂದು ಕಾದೆ. ಜಗಳ ತೆಗೆದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟು, ಕೈ ಒರೆಸಿಕೊಂಡರು.

“ಹಂಗಾದ್ರ ನನ್ನ ನಾಲಿಗೀನೇ ಕೆಟ್ಟದ ಸಾವಕಾರ. ಕೆಟ್ಟ ನಾಲಿಗಿ ಇಟಗೊಂಡು ನಿಮ್ಮ ಮಿಷನ್ ಹ್ಯಾಂಗ ನಡಸ್ಲಿ?”

ಮರುದಿನದಿಂದ ಅವರು ಬರಲಿಲ್ಲ. ಸಾವಕಾರರು ಕರೆಯಲು ಹೇಳಿಕಳಿಸಿದರೂ ಬರಲಿಲ್ಲ. ಅವರನ್ನು ತೆಗೆಯಿರಿ ಎಂದು ನಾನು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ. ಮೂರನೆಯ ಯಂತ್ರದ ಕಾರ್ಡಿನಲ್ಲಿ ಆ ಮಧ್ಯಾಹ್ನ ನಿಂತದ್ದಕ್ಕೆ ಕಾರಣ ಬರೆಯಬೇಕಿತ್ತು. ತಪಾಸಣೆ ಎಂದು ಬರೆದು ಸಹಿ ಹಾಕಿದೆ.

ಇಷ್ಟು ಓದಿದ ಮೇಲೆ ನೀವು ಒಂದು ಅಪಘಾತಕ್ಕೆ ಕಾಯುತ್ತಿರುತ್ತೀರಿ. ನಾನೂ ಕಾದೆ. ಯಾರದೋ ಕೈ ಆ ತಿರುಪಿಗೆ ಸಿಗುತ್ತದೆ, ಆ ರುಚಿ ಅದರ ಮುನ್ಸೂಚನೆ ಎಂದು ನಂಬಿ, ನಾಗಮ್ಮ ಬಗ್ಗಿದಾಗಲೆಲ್ಲ ಕೂಗಿ ಅವಳನ್ನು ಹಿಂದೆ ಸರಿಸುತ್ತಿದ್ದೆ. ಕಾಳು ಸುರಿಯುವ ಬಾಯಿಗೆ ಸರಳಿನ ಜಾಲರಿ ಹಾಕಿಸಿದೆ. ಏನೂ ಆಗಲಿಲ್ಲ. ಯಾರಿಗೂ ಗೀರು ಗಾಯ ಆಗಲಿಲ್ಲ. ಆ ದಿನದ ಎಣ್ಣೆ ಸೇಡಂ, ಚಿತ್ತಾಪುರದ ಮನೆಮನೆಗೂ ಹೋಯಿತು. ಯಾರೂ ಹೊಟ್ಟೆನೋವೆಂದು ಮಲಗಲಿಲ್ಲ. ಆವತ್ತಿನ ಹಿಂಡಿಯ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ, ಶಹಾಬಾದದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದ ಗೆಳೆಯನಿಗೆ ಒಯ್ದು ಕೊಟ್ಟೆ. ಕುಸುಬೆ ಹಿಂಡಿಯಲ್ಲಿ ಕುಸುಬೆ ಹಿಂಡಿಯೇ ಇದೆ, ನಿನಗೆ ಬೇರೆ ಕೆಲಸವಿಲ್ಲವೇ ಎಂದ. ಡಾಕ್ಟರಿಗೆ ಬಾಯಿ ತೋರಿಸಿದೆ. ವಸಡು ಗಟ್ಟಿಯಾಗಿದೆ ಎಂದರು. ಒಬ್ಬನ ಬಾಯಿ ಮೋಸ ಮಾಡಬಹುದು ಎಂದರೂ, ನಾನು ಅಗಿಯುವ ಮುಂಚೆಯೇ ಇನ್ನೊಬ್ಬರು ಅದೇ ರುಚಿಯ ಹೆಸರು ಹೇಳಿದ್ದರಲ್ಲ? ಅವರು ಹೇಳಿದ್ದಕ್ಕೇ ನನಗೆ ಹಾಗೆ ಅನ್ನಿಸಿತೆ? ಹಾಗಾದರೆ ಅದೇ ಮಾತು ಕೇಳಿದ ನಾಗಮ್ಮನಿಗೆ ಯಾಕೆ ಅನ್ನಿಸಲಿಲ್ಲ? ಹೀಗೆ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಕಾರಣ ಕೈಗೆ ಸಿಗಲಿಲ್ಲ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾದರೂ. ಆಮೇಲೆ ನಾನೇ ಹಿಂಡಿ ಅಗಿಯತೊಡಗಿದೆ. ಯಾರೂ ನೋಡದಿರುವಾಗ ಮೂರನೆಯದರ ಒಂದು ಚೂರು ಬಾಯಿಗೆ ಹಾಕಿ, ಅಗಿದು, ಗೋಡೆಯ ಕಡೆ ತಿರುಗಿ ಉಗಿಯುತ್ತಿದ್ದೆ. ಆ ರುಚಿ ಮತ್ತೆ ಬರಲಿಲ್ಲ. ಬಂದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆನೇ ಎಂದು ಕೇಳಿಕೊಂಡರೆ ನನಗೆ ನನ್ನ ಮೇಲೆಯೇ ವಾಕರಿಕೆ ಬರುತ್ತದೆ. ಮಿಲ್ಲಿನ ಕೊಳಕನ್ನೆಲ್ಲ ತೊಳೆಸಿದ್ದೆ, ಗಸಿಯ ಹೊಂಡ ಕೆರೆಸಿ ಸುಣ್ಣ ಹೊಡೆಸಿದ್ದೆ. ನೆಲ ಈಗ ಚಪ್ಪಲಿಗೆ ಅಂಟುತ್ತಿರಲಿಲ್ಲ. ಆದರೂ ಮನೆಗೆ ಹೋಗಿ ಕೈ ತಿಕ್ಕಿ ತಿಕ್ಕಿ ತೊಳೆಯುವುದು ಮಾತ್ರ ಬಿಡಲಿಲ್ಲ.

ಕೆಲವು ವರ್ಷಗಳಾದ ಮೇಲೆ ರೇಷನ್ ಅಂಗಡಿಗೆ ಹೊರದೇಶದ ಪಾಮೋಲಿನ್ ಎಣ್ಣೆ ಬಂತು. ಜನ ಡಬ್ಬಿ ಹಿಡಿದು ಅಲ್ಲಿ ಸಾಲು ನಿಂತರು. ಕುಸುಬೆ ಎಣ್ಣೆ ಕೇಳುವವರು ಕಡಿಮೆಯಾದರು. ಮಿಲ್ಲು ಮುಚ್ಚುವಾಗ ಯಂತ್ರಗಳನ್ನು ಬಿಚ್ಚಿ ಲಾರಿಗೆ ಹಾಕಿಸಿದವನೂ ನಾನೇ. ಮೂರನೆಯದರ ಪಂಜರವನ್ನು ಬಿಸಿಲಿಗಿಟ್ಟು ಇನ್ನೊಮ್ಮೆ ನೋಡಿದೆ. ಹಳೆಯ ಉಕ್ಕು, ಒಣಗಿದ ಎಣ್ಣೆ, ಮತ್ತೇನಿಲ್ಲ.

ಆ ವಾರವೇ ಚಿತ್ತಾಪುರಕ್ಕೆ ಹೋದೆ. ಮೌಲಾಲಿ ಮಿಸ್ತ್ರಿ ಅಲ್ಲಿ ಮಗಳ ಮನೆಯಲ್ಲಿದ್ದಾರೆಂದು ನಾಗಮ್ಮ ಹೇಳಿದ್ದಳು. ರೈಲುಗೇಟಿನ ಆಚೆಯ ಮನೆ. ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತರು, ಬರ್ರಿ ಸಾಹೇಬ್ರ, ಕುಂದ್ರಿ ಎಂದು ಹಾಸಿಗೆ ಝಾಡಿಸಿ ಹಾಕಿದರು. ಬೇರೆಲ್ಲೂ ಕೆಲಸಕ್ಕೆ ಹೋಗಲಿಲ್ಲವೇ ಎಂದೆ. ವಾಡಿಯಿಂದಲೂ ಚಿಂಚೋಳಿಯಿಂದಲೂ ಮಿಲ್ಲಿನವರು ಬಂದು ಕರೆದರಂತೆ. ಒಲ್ಲೆ ಎಂದು ಕಳಿಸಿದರಂತೆ. ನಾಲಿಗೆ ಹೋದ ಮಿಸ್ತ್ರಿ ಯಾರಿಗೆ ಬೇಕು ಎಂದು ನಕ್ಕರು.

ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತನ್ನು ಆಗ ಹೇಳಿದೆ. ಆವತ್ತು ನನಗೂ ಹತ್ತಿತ್ತು ಚಾಚಾ, ತಿಂದಾಗೆಲ್ಲ ಹತ್ತಿತ್ತು, ಗೋದಾಮಿನ ಹಿಂದೆ ಹೋಗಿ ಕಾರಿಕೊಂಡೆ, ಸಾವಕಾರರ ಮುಂದೆ ಸುಳ್ಳು ಹೇಳಿದೆ, ನಿಮ್ಮ ನಾಲಿಗೆ ಕೆಟ್ಟಿರಲಿಲ್ಲ ಎಂದೆ. ಹೇಳುವಾಗ ತಲೆ ಎತ್ತಲಿಲ್ಲ. ಬಯ್ಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡ್ರಿ ಸಾಹೇಬ್ರ. ಮುದುಕನ ಮನಸ್ಸಿಗಿ ಹಿತ ಆಗ್ಲಿ ಅಂತ ಇಷ್ಟ ದೂರ ಬಂದು ಹೇಳ್ಲಿಕತ್ತೀರಿ. ನೀವು ಎಲ್ಲಾ ಬಿಚ್ಚಿ ಅಳತಿ ಮಾಡಿ ನೋಡೀರಿ. ಅಳತಿದಾಗ ಏನೂ ಇದ್ದಿಲ್ಲಲ್ಲ.”

ದೇವರಾಣೆ ಮಾಡಿದೆ. ಅವರು ಇನ್ನೂ ಮೆತ್ತಗೆ ನಕ್ಕು, ಆಯಿತು ಆಯಿತು ಎಂದರು. ಮಗುವಿನ ಮಾತಿಗೆ ಹೂಂಗುಟ್ಟುವ ಹಾಗೆ. ನನ್ನ ಮಾತನ್ನು ನಂಬಿಸಲು ನನ್ನ ಹತ್ತಿರ ಒಂದೇ ಒಂದು ಪುರಾವೆಯೂ ಇರಲಿಲ್ಲ. ಕಾರ್ಡಿನಲ್ಲಿ ತಪಾಸಣೆ ಎಂದಿತ್ತು, ಸಹಿ ನನ್ನದಿತ್ತು.

ಮಗಳು ಎರಡು ಕಪ್ಪುಗಳಲ್ಲಿ ಚಹಾ ತಂದಿಟ್ಟಳು. ಮಿಸ್ತ್ರಿ ತಮ್ಮ ಕಪ್ಪನ್ನು ಎತ್ತಿ ತುಟಿಯ ತನಕ ಒಯ್ದು, ಕುಡಿಯದೆ ಹಾಗೇ ಇಳಿಸಿ, ನನ್ನ ಕಡೆ ಸರಿಸಿದರು.

“ಸಕ್ಕರಿ ಸಾಕಾಗ್ಯಾದೇನು, ಒಂದಿಷ್ಟು ನೋಡಿ ಹೇಳ್ರಿ. ನನಗ ತಿಳಿಯಂಗಿಲ್ಲ.”

ಒಂದು ಗುಟುಕು ಕುಡಿದೆ. ಚಹಾ ಸಿಹಿಯಾಗಿತ್ತೋ ಸಪ್ಪಗಿತ್ತೋ ನನಗೂ ತಿಳಿಯಲಿಲ್ಲ. ಸರಿಯಾಗಿದೆ ಚಾಚಾ ಎಂದೆ. ಅವರು ಆ ಮಾತನ್ನು ನಂಬಿ, ಕಪ್ಪು ತೆಗೆದುಕೊಂಡು ಕುಡಿದರು.